ಮೇಸ್ತ್ರಿ ಕೂಡಿಸುತ್ತಿದ್ದ ಐವತ್ತು

ಕೆಟ್ಟದ್ದು ಕಣ್ಣಿಗೆ ಬಿದ್ದರೆ ಸರಿ ಮಾಡದೆ ಕೂರಲಾಗದ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಶಿವಮೊಗ್ಗದ ನಮ್ಮ ಮನೆಯ ಗೋಡೆ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದಿರುತ್ತಿತ್ತು. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಸ್ಟೂಲು ಹತ್ತಿ, ರೇಡಿಯೋ ಹೇಳಿದ ಸಮಯಕ್ಕೆ ಸರಿಯಾಗಿ ಮುಳ್ಳು ತಿರುಗಿಸಿಟ್ಟೆ. ಮಾರನೆಯ ದಿನ ಅಪ್ಪನಿಗೆ ಭದ್ರಾವತಿಯ ರೈಲು ತಪ್ಪಿತು. ಗಡಿಯಾರ ಏನೇ ಹೇಳಲಿ, ಇನ್ನೂ ಹತ್ತು ನಿಮಿಷ ಇದೆ ಎಂದುಕೊಂಡು ನಿಧಾನವಾಗಿ ಹೊರಡುವುದು ಅವರ ಅಭ್ಯಾಸ. "ನಿನ್ನನ್ನ ಯಾರು ಕೇಳಿದ್ರು ಮಾರಾಯ್ತಿ? ಅದು ಹಾಗಿರೋದೇ ನಮಗೆ ಸರಿ" ಎಂದು ಅಮ್ಮ ಬೈದರು. ತಪ್ಪು ಗಡಿಯಾರ ಸರಿ ಹೇಗಾಗುತ್ತದೆ ಎಂದು ನಾನು ವಾದಕ್ಕೆ ನಿಂತೆ. ವಾದದಲ್ಲಿ ಗೆದ್ದದ್ದೂ ನಾನೇ. ಗೆದ್ದವರು ಪಾಠ ಕಲಿಯುವುದು ಕಷ್ಟ, ನಾನಂತೂ ಕಲಿಯಲಿಲ್ಲ.

ಈಗ ಪಾಲಿಟೆಕ್ನಿಕ್ಕಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಪಾಠ ಮಾಡುತ್ತೇನೆ. ಮೊದಲ ದಿನ ಬಚ್ಚಲುಮನೆಯ ಉದಾಹರಣೆ ಕೊಡುತ್ತೇನೆ. ಹಂಡೆಯಿಂದ ಬಿಸಿನೀರು ತೋಡಿ ಬಕೆಟ್ಟಿಗೆ ಹಾಕುತ್ತೀರಿ, ಕೈ ಅದ್ದಿ ನೋಡುತ್ತೀರಿ, ಸುಟ್ಟರೆ ತಣ್ಣೀರು ಬೆರೆಸುತ್ತೀರಿ, ಮತ್ತೆ ಕೈ ಅದ್ದುತ್ತೀರಿ. ಒಂದು ಕೈಗೆ ತಿಳಿದದ್ದು ತಂಬಿಗೆ ಹಿಡಿದ ಇನ್ನೊಂದು ಕೈಗೆ ತಲುಪಬೇಕು, ಈ ಶಾಸ್ತ್ರವೆಲ್ಲ ಅಷ್ಟೇ. ತಲುಪುವುದು ತಡವಾದರೆ ಬೇಕಾದ್ದಕ್ಕಿಂತ ಹೆಚ್ಚು ತಣ್ಣೀರು ಬಿದ್ದಿರುತ್ತದೆ. ಆಮೇಲೆ ಬೋರ್ಡಿನ ಮೇಲೆ ಒಂದು ಗೆರೆ ಎಳೆಯುತ್ತೇನೆ. ಅದು ಏರುತ್ತದೆ, ಗುರಿ ದಾಟಿ ಮೇಲೆ ಹೋಗುತ್ತದೆ, ಕೆಳಗಿಳಿಯುತ್ತದೆ, ತೂಗಾಡಿ ತೂಗಾಡಿ ಕೊನೆಗೆ ಎಲ್ಲೋ ನಿಲ್ಲುತ್ತದೆ. ಆ ಗೆರೆ ಎಳೆಯುವಾಗಲೆಲ್ಲ ನನಗೆ ಒಬ್ಬ ಮೇಸ್ತ್ರಿ ನೆನಪಾಗುತ್ತಾರೆ. ಅವರ ವಿಷಯವನ್ನು ಕ್ಲಾಸಿನಲ್ಲಿ ಪೂರ್ತಿ ಹೇಳಿದ್ದಿಲ್ಲ. ಹೇಳಿದರೆ ಅದರಲ್ಲಿ ನಾನು ಚೆನ್ನಾಗಿ ಕಾಣುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಿ.ಇ. ಮುಗಿಸಿ ಶಿವಮೊಗ್ಗ–ಭದ್ರಾವತಿ ರಸ್ತೆಯ ಪಕ್ಕದ ಒಂದು ಸಣ್ಣ ಎರಕದ ಕಾರ್ಖಾನೆಗೆ ಸೇರಿದ್ದೆ. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದು ಮೆಷಿನ್ನಿನ ಭಾಗಗಳನ್ನು ಮಾಡುವ ಜಾಗ. ಮೀಟರುಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ ನಾನೊಬ್ಬಳೇ. ನನಗಿಂತ ಮುಂಚೆ ಇದ್ದವರು ಬೇರೆ ಊರಿಗೆ ಹೋಗಿದ್ದರು, ಹೋಗುವಾಗ ಒಂದು ರಿಜಿಸ್ಟರು, ಒಂದು ಸ್ಕ್ರೂಡ್ರೈವರು ಬಿಟ್ಟುಹೋಗಿದ್ದರು. ಶೆಡ್ಡಿನೊಳಗೆ ಕೆಲಸ ಮಾಡುವ ಹೆಂಗಸೂ ನಾನೊಬ್ಬಳೇ. "ಆರು ತಿಂಗಳು ನೋಡೋಣ, ಆಮೇಲೆ ಕನ್ಫರ್ಮ್ ಮಾಡೋ ಮಾತು" ಎಂದು ಮ್ಯಾನೇಜರು ಮೊದಲ ದಿನವೇ ಹೇಳಿದ್ದರು. ಹಾಗೆ ಹೇಳುವಾಗ ನನ್ನ ಮುಖ ನೋಡದೆ ನನ್ನ ಕಾಲಿನ ಚಪ್ಪಲಿ ನೋಡಿದ್ದರು. ಮಾರನೆಯ ದಿನ ಗಾಂಧಿ ಬಜಾರಿಗೆ ಹೋಗಿ ಗಂಡಸರ ಬೂಟು ಕೊಂಡುಕೊಂಡೆ.

ಎರಕದ ತುಂಡು ಅಚ್ಚಿನಿಂದ ಬಂದಾಗ ಗಾಜಿನಷ್ಟು ಗಡಸು. ಹಾಗೇ ಲೇತಿಗೆ ಹಾಕಿದರೆ ಲೇತಿನ ಟೂಲು ಮುರಿಯುತ್ತದೆ. ಅದಕ್ಕೆ ತುಂಡುಗಳನ್ನು ಟ್ರಾಲಿಯಲ್ಲಿ ಜೋಡಿಸಿ ಕುಲುಮೆಯೊಳಗೆ ತಳ್ಳಿ, ಒಂಬೈನೂರು ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು, ನಿಧಾನವಾಗಿ ಆರಿಸಿ ಮೆತ್ತಗೆ ಮಾಡಬೇಕು. ಈ ಹದ ಹಾಕುವ ಕುಲುಮೆಯ ಮೇಸ್ತ್ರಿ ಭದ್ರಾವತಿಯವರು. ಮನೆಯಲ್ಲಿ ತಮಿಳು, ಕೆಲಸದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಸಣಕಲು ದೇಹ, ಹೆಗಲ ಮೇಲೆ ಒಂದು ಒದ್ದೆ ಟವೆಲು. ಮೂವತ್ತು ವರ್ಷ ಬೆಂಕಿಯ ಮುಂದೆ ನಿಂತವರು, ಒಂದು ಟ್ರಾಲಿಯನ್ನೂ ಕೆಡಿಸಿದವರಲ್ಲ ಎಂದು ಇಡೀ ಶೆಡ್ಡು ಹೇಳುತ್ತಿತ್ತು. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಕುಲುಮೆಯ ಬಾಗಿಲಿನಲ್ಲಿ ಅಂಗೈಯಗಲದ ಒಂದು ಕಿಂಡಿ. ಅದರ ಮುಚ್ಚಳ ಸರಿಸಿ ಒಳಗಿನ ಬೆಂಕಿಯ ಬಣ್ಣ ನೋಡಿ, "ತೊಳ್ಳಾಯಿರಂ" ಎಂದು ತಮಿಳಿನಲ್ಲಿ ತಮಗೆ ತಾವೇ ಗೊಣಗಿಕೊಳ್ಳುತ್ತಿದ್ದರು. ಒಂಬೈನೂರು ಎಂದರ್ಥ. ಆಮೇಲೆ ಲಾಗ್ ಬುಕ್ ತೆಗೆದು ದಪ್ಪ ಅಕ್ಷರದಲ್ಲಿ ೯೦೦ ಎಂದು ಬರೆಯುತ್ತಿದ್ದರು.

ಕುಲುಮೆಯ ಮೀಟರಿನಲ್ಲಿ ಎರಡು ಮುಳ್ಳುಗಳು. ಕೆಂಪು ಮುಳ್ಳನ್ನು ನಮಗೆ ಬೇಕಾದ ಶಾಖಕ್ಕೆ ತಿರುಗಿಸಿಡಬೇಕು. ಕಪ್ಪು ಮುಳ್ಳು ಒಳಗೆ ನಿಜವಾಗಿ ಎಷ್ಟು ಶಾಖವಿದೆ ಎಂದು ತೋರಿಸುತ್ತದೆ. ಕಪ್ಪು ಹೋಗಿ ಕೆಂಪನ್ನು ಮುಟ್ಟಿದರೆ ಬರ್ನರು ತಾನಾಗಿ ತಗ್ಗುತ್ತದೆ, ಕೆಳಗಿಳಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಕೆಂಪು ಮುಳ್ಳು ಮುಟ್ಟುವ ಹಕ್ಕು ಮೇಸ್ತ್ರಿಯದ್ದು ಮಾತ್ರ. ಬೇರೆ ಪಾಳಿಯವರು ಅವರು ಇಟ್ಟಲ್ಲಿ ಇಟ್ಟ ಹಾಗೆ ನಡೆಸಿಕೊಂಡು ಹೋಗುತ್ತಿದ್ದರು. ಸೇರಿದ ಹೊಸತರಲ್ಲಿ ನಾನು ಆ ಮೀಟರಿನ ಡಬ್ಬಿ ಬಿಚ್ಚಲು ಹೋದಾಗ ಮೇಸ್ತ್ರಿ ಅಡ್ಡ ಬಂದಿದ್ದರು. "ಅದಕ್ಕೇನೂ ಮಾಡ್ಬೇಡಿ ಮೇಡಮ್ಮಾ. ಅದೂ ನಾನೂ ಹೊಂದ್ಕೊಂಡಿದೀವಿ" ಎಂದರು. ಹೊಸದಾಗಿ ಬಂದವಳು, ಅದರಲ್ಲೂ ಹುಡುಗಿ, ನಮ್ಮ ಮೀಟರು ಮುಟ್ಟುವುದೇನು ಎಂಬ ಧಿಮಾಕು ಎಂದು ನಾನು ತಿಳಿದುಕೊಂಡೆ. ಏಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮುಖ ಊದಿಸಿಕೊಂಡು ಬಂದುಬಿಟ್ಟೆ.

ನಾಲ್ಕನೇ ತಿಂಗಳಲ್ಲಿ ಒಂದು ಭಾನುವಾರ ಕುಲುಮೆ ಆರಿಸಿ ರಿಪೇರಿಗೆ ಬಿಟ್ಟಿದ್ದರು. ಮೇಸ್ತ್ರಿಗೆ ರಜೆ. ನಾನು ಕಾಯುತ್ತಿದ್ದ ಅವಕಾಶ ಸಿಕ್ಕ ಹಾಗಾಯಿತು, ಡಬ್ಬಿ ಬಿಚ್ಚಿದೆ.

ಕುಲುಮೆಯೊಳಗೆ ಶಾಖ ಅಳೆಯಲು ಒಂದು ಸರಳು ಚುಚ್ಚಿರುತ್ತದೆ, ಥರ್ಮೊಕಪಲ್ ಎನ್ನುತ್ತಾರೆ. ಅದರ ತಲೆ ಕುಲುಮೆಯ ಗೋಡೆಯ ಹೊರಗೆ ಇರುತ್ತದೆ. ಬೆಂಕಿಯ ಪಕ್ಕದಲ್ಲೇ ಇರುವುದರಿಂದ ಆ ತಲೆಯೂ ಬೆಚ್ಚಗಿರುತ್ತದೆ. ಮೀಟರು ಇರುವುದು ದೂರದಲ್ಲಿ, ತಣ್ಣಗಿನ ಗೋಡೆಯ ಮೇಲೆ. ಈ ಎರಡು ಜಾಗಗಳ ಶಾಖದ ಅಂತರ ಲೆಕ್ಕದಿಂದ ಬಿಟ್ಟುಹೋಗದ ಹಾಗೆ ನೋಡಿಕೊಳ್ಳುವುದಕ್ಕೆ ನಡುವೆ ಒಂದು ವಿಶೇಷ ತಂತಿ ಎಳೆಯುತ್ತಾರೆ. ಅದರ ಹೆಸರೇ ಕಾಂಪೆನ್ಸೇಟಿಂಗ್ ಕೇಬಲ್, ಕೊರತೆ ತುಂಬಿಕೊಡುವ ತಂತಿ. ಅದರ ಎರಡು ಎಳೆಗಳನ್ನು ಅದಲುಬದಲಾಗಿ ಸೇರಿಸಿದರೆ ಅದು ಕೂಡಿಸಬೇಕಾದ್ದನ್ನು ಕಳೆಯುತ್ತದೆ. ಅಲ್ಲಿ ಆಗಿದ್ದು ಅದೇ. ಯಾರೋ ಯಾವ ಕಾಲದಲ್ಲೋ ಎರಡೂ ತುದಿಯಲ್ಲಿ ಎಳೆ ತಿರುಗಿಸಿ ಕಟ್ಟಿದ್ದರು. ಲೆಕ್ಕ ಹಾಕಿದೆ. ಕುಲುಮೆ ಕಾದಾಗ ಮೀಟರು ನಿಜಕ್ಕಿಂತ ಸುಮಾರು ಐವತ್ತು ಡಿಗ್ರಿ ಕಡಿಮೆ ತೋರಿಸುತ್ತಿತ್ತು.

ನನಗಾದ ಖುಷಿ ಅಷ್ಟಿಷ್ಟಲ್ಲ. ಇಷ್ಟು ವರ್ಷ ಇಷ್ಟು ಗಂಡಸರ ಕಣ್ಣಿಗೆ ಬೀಳದ ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು! ಹತ್ತು ನಿಮಿಷದಲ್ಲಿ ಎಳೆ ಬಿಚ್ಚಿ ಸರಿಯಾಗಿ ಸೇರಿಸಿದೆ. ರಿಜಿಸ್ಟರಿನಲ್ಲಿ ಚಂದದ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಆ ರಿಜಿಸ್ಟರನ್ನು ನನ್ನನ್ನು ಬಿಟ್ಟು ಯಾರೂ ತೆಗೆದು ನೋಡುತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹಾಡು ಗುನುಗಿಕೊಂಡು ಶಿವಮೊಗ್ಗಕ್ಕೆ ಬಂದೆ.

ನನಗೆ ತಿಳಿಯದೆ ಹೋಗಿದ್ದು ಇಷ್ಟು. ಆ ಐವತ್ತು ಮೇಸ್ತ್ರಿಗೆ ಗೊತ್ತಿತ್ತು. ಮೀಟರು ಹಾಕಿದ ಮೊದಲ ವಾರವೇ ಬೆಂಕಿಯ ಬಣ್ಣ ಒಂದು ಹೇಳುತ್ತದೆ, ಮೀಟರು ಇನ್ನೊಂದು ಹೇಳುತ್ತದೆ ಎಂದು ಅವರು ಕಂಡುಕೊಂಡಿದ್ದರು. ನನಗಿಂತ ಹಿಂದಿನವರಿಗೆ ಹೇಳಿದ್ದರಂತೆ. ಅವರು "ಐವತ್ತು ಕೂಡಿಸ್ಕೊಂಡು ನಡೆಸು ಮಾರಾಯ" ಎಂದು ಕೈತೊಳೆದುಕೊಂಡಿದ್ದರು. ಅಂದಿನಿಂದ ಮೇಸ್ತ್ರಿ ಕೆಂಪು ಮುಳ್ಳನ್ನು ಎಂಟುನೂರೈವತ್ತಕ್ಕೆ ಇಡುತ್ತಿದ್ದರು, ಒಳಗೆ ಒಂಬೈನೂರು ಆಗುತ್ತಿತ್ತು. ಪುಸ್ತಕದಲ್ಲಿ ಮೀಟರು ತೋರಿಸಿದ ಸುಳ್ಳನ್ನು ಬರೆಯದೆ ಒಳಗಿದ್ದ ನಿಜವನ್ನು ಬರೆಯುತ್ತಿದ್ದರು, ಒಂಬೈನೂರು. ಸೋಮವಾರವೂ ಎಂದಿನಂತೆ ಕೆಂಪು ಮುಳ್ಳನ್ನು ಎಂಟುನೂರೈವತ್ತಕ್ಕೆ ಇಟ್ಟರು. ಎಂದಿನಂತೆ ಒಂಬೈನೂರು ಎಂದು ಬರೆದರು. ಈಗ ಮೀಟರು ನಿಜ ಹೇಳುತ್ತಿತ್ತು, ಒಳಗೆ ಇದ್ದದ್ದೂ ಎಂಟುನೂರೈವತ್ತೇ.

ಕುಲುಮೆಯ ತಪ್ಪು ಕೂಡಲೇ ಕಾಣುವುದಿಲ್ಲ. ಟ್ರಾಲಿ ಆರಿ ಹೊರಬರಲು ಎರಡು ದಿನ. ಅಲ್ಲಿಂದ ಲೇತ್ ಶೆಡ್ಡಿನ ಸರದಿಗೆ ಮತ್ತೆ ಕೆಲವು ದಿನ. ಆ ವಾರ ಕುಲುಮೆಯ ಬರ್ನರಿಗೆ ಎಣ್ಣೆ ಕಡಿಮೆ ಖರ್ಚಾಗಿದೆ ಎಂದು ಸ್ಟೋರಿನವರು ಸಂತೋಷಪಟ್ಟರು. ಮುಂದಿನ ವಾರ ಲೇತ್ ಶೆಡ್ಡಿನಲ್ಲಿ ಟೂಲುಗಳು ಪಟಪಟನೆ ಮುರಿಯತೊಡಗಿದವು. ಅಷ್ಟರಲ್ಲಿ ಮೂರು ಟ್ರಾಲಿ ಕೆಟ್ಟಿದ್ದವು.

ಮ್ಯಾನೇಜರು ನೇರವಾಗಿ ಕುಲುಮೆಯ ಹತ್ತಿರ ಬಂದರು. ನನ್ನನ್ನೂ ಕರೆಸಿದರು. ಕೆಂಪು ಮುಳ್ಳು ಎಂಟುನೂರೈವತ್ತರ ಮೇಲೆ. ಲಾಗ್ ಬುಕ್ಕಿನಲ್ಲಿ ಸಾಲುಸಾಲಾಗಿ ಒಂಬೈನೂರು.

"ಏನಿದು? ಇಟ್ಟಿರೋದು ಒಂದು, ಬರೆದಿರೋದು ಇನ್ನೊಂದಾ?" ಎಂದು ಮೇಸ್ತ್ರಿಯನ್ನು ಕೇಳಿದರು.

"ಸಾರ್, ಆ ಮೀಟರು..." ಎಂದು ಮೇಸ್ತ್ರಿ ಬಾಯಿ ತೆರೆದರು.

ಮ್ಯಾನೇಜರು ನನ್ನ ಕಡೆ ತಿರುಗಿದರು. "ಮೀಟರ್ ಸರಿ ಇದೆಯೇನಮ್ಮಾ?"

"ಸರಿ ಇದೆ ಸಾರ್" ಎಂದೆ.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಮೇಸ್ತ್ರಿ ಥಟ್ಟನೆ ನನ್ನ ಕಡೆ ತಿರುಗಿದ ಆ ಗಳಿಗೆಯಲ್ಲಿ, ಅವರ ಮುಖ ನೋಡಿ ನನಗೂ ಎಲ್ಲ ಹೊಳೆಯಿತು. ಅವರಿಗೂ ಹೊಳೆದಿತ್ತು. ಅವರು ಬಾಯಿ ಬಿಡುತ್ತಾರೆ, ನಾನು ಹೌದು ಎನ್ನಬೇಕಾಗುತ್ತದೆ ಎಂದುಕೊಂಡೆ. ಅವರು ಬಾಯಿ ಮುಚ್ಚಿಕೊಂಡರು. ಟವೆಲಿನಿಂದ ಮುಖ ಒರೆಸಿಕೊಂಡು ನೆಲ ನೋಡಿದರು. ನಾನೂ ಸುಮ್ಮನಿದ್ದೆ. ಕನ್ಫರ್ಮ್ ಆಗಲು ಎರಡೇ ತಿಂಗಳಿತ್ತು, ಮತ್ತು ನಾನು ಹೇಡಿಯಾದೆ. ಇದಕ್ಕಿಂತ ಒಳ್ಳೆಯ ಪದ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಮ್ಯಾನೇಜರು ಲಾಗ್ ಬುಕ್ ತೆಗೆದುಕೊಂಡು ಆ ಮೂರು ಟ್ರಾಲಿಯ ಸಾಲುಗಳ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ಪಕ್ಕದಲ್ಲಿ "ಸುಳ್ಳು ದಾಖಲೆ" ಎಂದು ಬರೆದು ಸಹಿ ಮಾಡಿದರು. ಮೇಸ್ತ್ರಿಯನ್ನು ಗುಜರಿ ಅಂಗಳಕ್ಕೆ ಹಾಕಿದರು, ಹಳೆ ಕಬ್ಬಿಣ ವಿಂಗಡಿಸುವ ಕೆಲಸ. ಕುಲುಮೆಗೆ ಬಂದ ಹೊಸಬ ಕೆಲಸದ ಚೀಟಿಯಲ್ಲಿ ಬರೆದಿದ್ದ ಹಾಗೆ ಕೆಂಪು ಮುಳ್ಳನ್ನು ಒಂಬೈನೂರಕ್ಕೆ ಇಟ್ಟ. ಟ್ರಾಲಿ ಚೆನ್ನಾಗಿ ಬಂತು. ಅಲ್ಲಿಗೆ ಮೇಸ್ತ್ರಿಯ ಸುಳ್ಳು ಎಲ್ಲರಿಗೂ ಖಾತ್ರಿಯಾಯಿತು.

ಹನ್ನೊಂದು ದಿನ ನಾನು ಏನೂ ಮಾಡಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಭದ್ರಾವತಿಯ ಕಾಗದನಗರದ ಕಡೆ ಹೋಗುವ ಹೆಂಗಸರ ಹರಟೆ ಕೇಳುತ್ತಾ, ನಾನು ಮಾಡಿದ್ದು ಸರಿಯೇ ತಾನೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ತಪ್ಪಾಗಿದ್ದ ತಂತಿ ಸರಿ ಮಾಡಿದೆ, ಅದು ನನ್ನ ಕೆಲಸ. ಕ್ಯಾಂಟೀನಿನಲ್ಲಿ ಮೇಸ್ತ್ರಿ ಕೂರುತ್ತಿದ್ದ ಬೆಂಚು ಖಾಲಿ ಇರುತ್ತಿತ್ತು. ಅವರು ಬುತ್ತಿಯನ್ನು ಅಂಗಳದಲ್ಲೇ, ತುಕ್ಕು ಹಿಡಿದ ಡ್ರಮ್ಮಿನ ನೆರಳಲ್ಲಿ ಬಿಚ್ಚುತ್ತಿದ್ದರು. ಮೂವತ್ತು ವರ್ಷ ಅವರನ್ನು ಅಣ್ಣ ಎನ್ನುತ್ತಿದ್ದವರು ಈಗ ಅವರ ಮುಂದೆ ಹೋಗುವಾಗ ಮಾತು ನಿಲ್ಲಿಸುತ್ತಿದ್ದರು. ಮನೆಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ. "ಯಾರ ಹತ್ರ ಜಗಳ ಆಡ್ಕೊಂಡು ಬಂದಿದೀಯೇ?" ಎಂದು ಅಮ್ಮ ಕೇಳಿದರು. ಜಗಳ ಆಡಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ಜಗಳ ಬರುತ್ತದೆ, ತಲೆ ತಗ್ಗಿಸುವುದು ಬರುವುದಿಲ್ಲ.

ಹನ್ನೆರಡನೇ ದಿನ ಬೆಳಿಗ್ಗೆ ರಿಜಿಸ್ಟರು ಹಿಡಿದುಕೊಂಡು ಮ್ಯಾನೇಜರ ಕೋಣೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ತಂತಿ, ಐವತ್ತು ಡಿಗ್ರಿ, ಭಾನುವಾರ, ನಾನು ಯಾರಿಗೂ ತಿಳಿಸದೆ ಇದ್ದದ್ದು, ವಿಚಾರಣೆಯ ದಿನ ಸುಮ್ಮನಿದ್ದದ್ದು. ಕೆಲಸ ಹೋಗುತ್ತದೆ ಎಂದೇ ಹೋಗಿದ್ದೆ. ಹೇಳಿ ಮುಗಿಸಿದಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆ ಹಗುರ ಎಷ್ಟು ಚೆನ್ನಾಗಿತ್ತೆಂದರೆ, ಈ ಮಾತು ಇನ್ಯಾರ ಮೇಲೆ ಹೋಗಿ ಬೀಳುತ್ತದೆ ಎಂದು ಯೋಚಿಸಲೇ ಇಲ್ಲ.

ಮ್ಯಾನೇಜರು ಕೂಗಾಡಲಿಲ್ಲ. ರಿಜಿಸ್ಟರನ್ನು ಎರಡು ಸಲ ಓದಿದರು. ಆಮೇಲೆ ಹುಬ್ಬು ಗಂಟಿಕ್ಕಿ, "ಹಂಗಾದ್ರೆ ಇನ್ನೊಂದು ಪ್ರಶ್ನೆ ಇದೆಯಲ್ಲಮ್ಮಾ. ಮೀಟರು ಬದಲಾಯ್ತು, ಸರಿ. ಆ ಮನುಷ್ಯ ದಿನಾ ಕಿಂಡಿಯಲ್ಲಿ ಬೆಂಕಿ ನೋಡ್ತಿದ್ನಲ್ಲ? ಐವತ್ತು ಡಿಗ್ರಿ ಕಮ್ಮಿ ಆದ್ರೆ ಬಣ್ಣದಲ್ಲಿ ಗೊತ್ತಾಗ್ಬೇಕಿತ್ತು. ಮೂರು ಟ್ರಾಲಿ ಹೋಗೋ ತನಕ ಅವನಿಗೆ ಯಾಕೆ ಕಾಣಲಿಲ್ಲ?" ಎಂದರು.

ಆ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ.

ಮೇಸ್ತ್ರಿಯನ್ನು ಕರೆಸಿದರು. ಮೇಜಿನ ಮೇಲಿದ್ದ ಒಂದು ಎರಕದ ತುಂಡನ್ನು ಮ್ಯಾನೇಜರು ಎತ್ತಿ ಹಿಡಿದರು. ಅದರ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಅಂಕಿಗಳು ಉಬ್ಬಿ ನಿಂತಿದ್ದವು. "ಏನು ನಂಬರು, ಓದು" ಎಂದರು. ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದರು. ಮತ್ತೊಂದು ಹೆಜ್ಜೆ. ಕಣ್ಣು ಕಿರಿದು ಮಾಡಿದರು. ಕೊನೆಗೆ ಕೈ ಚಾಚಿ, ಬೆರಳಿನಿಂದ ಸವರಿ ಓದಲು ಹೋದರು. ಮ್ಯಾನೇಜರು ತುಂಡನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

ಎರಡೂ ಕಣ್ಣಿಗೆ ಪೊರೆ. ಎರಡು ವರ್ಷದಿಂದ ಬೆಂಕಿ ಅವರಿಗೆ ಬರೀ ಮಸುಕು ಬೆಳಕು. ಕಿಂಡಿ ತೆಗೆದು ನೋಡುತ್ತಿದ್ದದ್ದು ಅಭ್ಯಾಸಕ್ಕೆ, ಮತ್ತು ನೋಡುವವರಿಗೋಸ್ಕರ. ಮೀಟರಿನ ಗಾಜಿಗೆ ಮೂಗು ತಾಗಿಸಿ ಮುಳ್ಳು ನೋಡಿ, ಐವತ್ತು ಕೂಡಿಸಿ, ಆಮೇಲೆ ಕಿಂಡಿಗೆ ಬಂದು "ತೊಳ್ಳಾಯಿರಂ" ಎನ್ನುತ್ತಿದ್ದರು. ಮೀಟರಿನ ಕೊರತೆಯನ್ನು ಮೊದಲು ಕಣ್ಣು ತುಂಬಿಕೊಟ್ಟಿತ್ತು. ಕಣ್ಣು ಕೈಕೊಟ್ಟಾಗ ಆ ಐವತ್ತರ ಲೆಕ್ಕವೇ ಕಣ್ಣಿನ ಜಾಗದಲ್ಲಿ ನಿಂತಿತ್ತು. ನಾನು ಅದನ್ನೂ ಕಿತ್ತುಹಾಕಿದ್ದೆ.

ಮಧ್ಯಾಹ್ನದೊಳಗೆ ಎರಡು ಆದೇಶ ಬಂದವು. ಮೇಸ್ತ್ರಿ ಸುಳ್ಳು ಬರೆದಿಲ್ಲ, ಆದರೆ ಸುರಕ್ಷತೆಯ ದೃಷ್ಟಿಯಿಂದ ಅವರು ಇನ್ನು ಮುಂದೆ ಕುಲುಮೆಯ ಹತ್ತಿರ ಕೆಲಸ ಮಾಡುವಂತಿಲ್ಲ, ನಿವೃತ್ತಿಯವರೆಗೆ ಸ್ಟೋರಿನಲ್ಲಿ ಕೂರಬೇಕು. ಇನ್ನೊಂದು ನನಗೆ. ಪ್ರಾಮಾಣಿಕತೆಯನ್ನು ಮೆಚ್ಚಿ ಅವಧಿಗೆ ಮುಂಚೆಯೇ ನನ್ನನ್ನು ಕನ್ಫರ್ಮ್ ಮಾಡಿದ್ದರು. ಆ ಕಾಗದ ಹಿಡಿದುಕೊಂಡಾಗ ನನಗಾದ ನಾಚಿಕೆ ಇವತ್ತಿಗೂ ಹೋಗಿಲ್ಲ.

ಸಂಜೆ ಕೆಲಸ ಬಿಟ್ಟ ಮೇಲೆ ನಾವಿಬ್ಬರೂ ರಸ್ತೆಯ ಎರಡು ಬದಿಯಲ್ಲಿ ನಿಲ್ಲುತ್ತಿದ್ದೆವು. ಆಚೆ ಬದಿಗೆ ಅವರ ಭದ್ರಾವತಿ ಬಸ್ಸು, ಈಚೆ ಬದಿಗೆ ನನ್ನ ಶಿವಮೊಗ್ಗ ಬಸ್ಸು. ಅವತ್ತು ಅವರು ಲಾರಿಗಳ ನಡುವೆ ತಡವರಿಸಿಕೊಂಡು ರಸ್ತೆ ದಾಟಿ ನನ್ನ ಬಳಿ ಬಂದರು. ಅವರು ಹೇಗೆ ದಾಟುತ್ತಾರೆ ಎಂಬುದನ್ನು ಅಂದೇ ನಾನು ಮೊದಲ ಸಲ ಗಮನಿಸಿದ್ದು.

"ನನ್ನನ್ನ ಒಂದು ಮಾತು ಕೇಳಿದ್ರೆ ಸಾಕಿತ್ತಲ್ಲಮ್ಮಾ" ಎಂದರು.

ನನಗೆ ಸಿಟ್ಟು ಬಂತು. ತಪ್ಪಿತಸ್ಥರಿಗೆ ಬರುವ ಸಿಟ್ಟು. "ನಿಮ್ಮನ್ನ ಸುಳ್ಳುಗಾರ ಅಂತಿದ್ರಲ್ಲ ಮೇಸ್ತ್ರಿ! ಅದು ಹೋಗಲಿ ಅಂತ ತಾನೇ ನಾನು ಹೇಳಿದ್ದು?"

"ಸುಳ್ಳುಗಾರ ಅಂದ್ರೆ ನಾಲ್ಕು ತಿಂಗಳು ಅಂತಾರೆ, ಆಮೇಲೆ ಮರೀತಾರೆ. ಆ ಹೊಸಬ ರಜಾ ಹಾಕಿದ ದಿನ ಮತ್ತೆ ನನ್ನನ್ನೇ ಕರೀತಿದ್ರು. ಕಣ್ಣಿಲ್ಲ ಅಂತ ಗೊತ್ತಾದ್ರೆ ಬೆಂಕಿ ಹತ್ರ ಯಾರು ಬಿಡ್ತಾರೆ?" ಎಂದರು. ಆಮೇಲೆ, "ಅವತ್ತು ನಾನು ಸುಮ್ನಿದ್ದಿದ್ದು ನಿಮಗೋಸ್ಕರ ಅಂದ್ಕೊಂಡ್ರಾ? ಇಲ್ಲಮ್ಮಾ. ನನಗೋಸ್ಕರ" ಎಂದರು.

ಬಸ್ಸು ಬಂತು. ಹತ್ತಲಿಲ್ಲ. ಅವರನ್ನು ಕೈ ಹಿಡಿದು ರಸ್ತೆ ದಾಟಿಸಲೇ ಎಂದು ಕೇಳುವ ಧೈರ್ಯವೂ ಆಗಲಿಲ್ಲ. ಅವರು ಒಬ್ಬರೇ ದಾಟಿ ಹೋಗುವುದನ್ನು ನೋಡುತ್ತಾ ನಿಂತಿದ್ದೆ. ತಂತಿ ಸರಿ ಮಾಡುವ ಮುಂಚೆ ಅವರನ್ನು ಕೇಳಲಿಲ್ಲ. ನಿಜ ಹೇಳುವ ಮುಂಚೆಯೂ ಅವರನ್ನು ಕೇಳಲಿಲ್ಲ. ಎರಡು ಸಲವೂ ನಾನು ಮಾಡಿದ್ದು ಸರಿಯಾದ ಕೆಲಸವೇ, ಎರಡು ಸಲವೂ ಕೆಟ್ಟದ್ದು ಅವರ ಬದುಕು.

ಎರಡು ತಿಂಗಳ ನಂತರ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಅವರ ಕಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಕೆಲವು ವಾರ ಮನೆಯಲ್ಲಿದ್ದು ಮತ್ತೆ ಸ್ಟೋರಿಗೆ ಬಂದರು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕುಲುಮೆಯ ಹತ್ತಿರ ಬಂದು ನಿಂತರು. ಹೊಸಬ ಊಟಕ್ಕೆ ಹೋಗಿದ್ದ. ನಾನು ಮೀಟರಿನ ಹತ್ತಿರ ಇದ್ದೆ.

"ಒಂದು ಸಲ ನೋಡ್ಲಾ ಮೇಡಮ್ಮಾ?" ಎಂದು ನನ್ನನ್ನು ಕೇಳಿದರು. ಅವರು, ನನ್ನನ್ನು!

ಕಿಂಡಿಯ ಮುಚ್ಚಳ ಸರಿಸಿದರು. ಬೆಳಕು ಅವರ ಮುಖದ ಮೇಲೆ ಬಿತ್ತು. ಬಹಳ ಹೊತ್ತು ನೋಡಿದರು. "ಒಂಬೈನೂರೈವತ್ತು" ಎಂದರು.

ಮೀಟರಿನಲ್ಲಿ ಒಂಬೈನೂರಿತ್ತು. ಈ ಸಲ ಸುಮ್ಮನಿರಬಾರದು ಎನಿಸಿತು. "ಒಂಬೈನೂರು ಇದೆ ಮೇಸ್ತ್ರಿ" ಎಂದೆ. ಅವರು ಮತ್ತೆ ಕಿಂಡಿಯಲ್ಲಿ ನೋಡಿದರು, ಮತ್ತೆ ನನ್ನನ್ನು ನೋಡಿದರು. ಕಣ್ಣಿನಲ್ಲಿ ಪೊರೆ ಮೆಲ್ಲಗೆ ಕಟ್ಟುತ್ತಾ ಬಂದ ವರ್ಷಗಳಲ್ಲಿ ಎಲ್ಲ ಬಣ್ಣವೂ ಹಳದಿಗೆ ತಿರುಗುತ್ತಾ ಹೋಗಿತ್ತು. ಅವರಿಗೆ ನೆನಪಿದ್ದ ಒಂಬೈನೂರರ ಬಣ್ಣ ಆ ಹಳದಿಯ ಮೂಲಕ ಕಂಡ ಬಣ್ಣ. ಈಗ ಪೊರೆ ತೆಗೆದ ಮೇಲೆ ಅದೇ ಬೆಂಕಿ ಬೆಳ್ಳಗೆ ಕಾಣುತ್ತಿತ್ತು, ಬೆಳ್ಳಗೆ ಕಂಡದ್ದು ಹೆಚ್ಚು ಕಾದ ಹಾಗೆ ತೋರುತ್ತಿತ್ತು. ನಾನು ಹೀಗಿರಬಹುದು ಎಂದು ತೊದಲುತ್ತಾ ವಿವರಿಸಿದೆ.

ಅವರು ನಕ್ಕರು. ಆ ಘಟನೆಯ ನಂತರ ನಾನು ಕಂಡ ಅವರ ಮೊದಲ ನಗು. "ಹಂಗಾದ್ರೆ ಡಾಕ್ಟ್ರು ನನ್ನ ವೈರು ಸರಿ ಮಾಡವ್ರೆ. ನಾನು ಇನ್ನೂ ಹಳೇ ಐವತ್ತು ಕೂಡಿಸ್ತಾ ಇದೀನಿ" ಎಂದರು. ನಾನೂ ನಗಲು ಹೋದೆ. ನಗು ಬರಲಿಲ್ಲ, ಅಳು ಬಂತು. ಅವರು ಕಂಡೂ ಕಾಣದವರಂತೆ ಕನ್ನಡಕ ಒರೆಸಿಕೊಂಡರು.

ಅಂದಿನಿಂದ ದಿನವೂ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಬರುತ್ತಿದ್ದರು. ಅವರು ಕಿಂಡಿಯಲ್ಲಿ ನೋಡಿ ಒಂದು ಅಂಕಿ ಹೇಳುತ್ತಿದ್ದರು, ನಾನು ಮೀಟರು ನೋಡಿ ಇನ್ನೊಂದು ಹೇಳುತ್ತಿದ್ದೆ. ಮೊದಲ ವಾರ ನಲವತ್ತು ಹೆಚ್ಚು ಹೇಳಿದರು. ಒಂದು ದಿನ ತಿದ್ದಿಕೊಳ್ಳಲು ಹೋಗಿ ಅತಿಯಾಗಿ ಮೂವತ್ತು ಕಡಿಮೆ ಹೇಳಿದರು, ತಮಗೆ ತಾವೇ ತಮಿಳಿನಲ್ಲಿ ಬೈದುಕೊಂಡರು. ಆಮೇಲೆ ಹದಿನೈದು ಹೆಚ್ಚು. ಆಮೇಲೆ ಹತ್ತು ಕಡಿಮೆ. ನಾನು ಬೋರ್ಡಿನ ಮೇಲೆ ಎಳೆಯುವ ಗೆರೆ ಅದೇ. ಆ ಕಣ್ಣಿನಿಂದ ಯಾರಿಗೂ ಯಾವ ಉಪಯೋಗವೂ ಇರಲಿಲ್ಲ. ಕುಲುಮೆ ಇನ್ನೊಬ್ಬರದ್ದಾಗಿತ್ತು, ಕಾಗದದ ಮೇಲಿನ ಆದೇಶ ಹಾಗೆಯೇ ಇತ್ತು. ಆದರೂ ಒಂದು ದಿನವೂ ಅವರು ತಪ್ಪಿಸಲಿಲ್ಲ, ನಾನೂ ತಪ್ಪಿಸಲಿಲ್ಲ.

ಅವರ ಕೊನೆಯ ದಿನ ಕ್ಯಾಂಟೀನಿನಲ್ಲಿ ಹಾರ, ಜಾಮೂನು, ಮ್ಯಾನೇಜರ ಭಾಷಣ ಎಲ್ಲ ಆಯಿತು. ಅದಾದ ಮೇಲೆ ಹಾರವನ್ನು ಕವರಿನಲ್ಲಿ ಹಾಕಿಕೊಂಡು ಕುಲುಮೆಯ ಹತ್ತಿರ ಬಂದರು. ಕಿಂಡಿ ಸರಿಸಿದರು.

"ತೊಳ್ಳಾಯಿರಂ" ಎಂದರು.

ಮೀಟರು ನೋಡಿದೆ. "ಒಂಬೈನೂರು" ಎಂದೆ.

ಅವರು ಮುಚ್ಚಳವನ್ನು ಮೆಲ್ಲಗೆ ಸರಿಸಿ ಮುಚ್ಚಿದರು. ನಾನು ಬೆಳಿಗ್ಗೆಯೇ ಹಳೆಯ ಲಾಗ್ ಬುಕ್ಕನ್ನು ಬೀರುವಿನಿಂದ ತೆಗೆದಿಟ್ಟಿದ್ದೆ. ಕೆಂಪು ಗೆರೆ ಎಳೆದ ಆ ಪುಟ ತೆರೆದು ಅವರ ಮುಂದೆ ಹಿಡಿದೆ. ಆದೇಶ ಬದಲಾಗಿತ್ತೇ ಹೊರತು ಆ "ಸುಳ್ಳು ದಾಖಲೆ" ಅಲ್ಲಿ ಹಾಗೇ ಉಳಿದಿತ್ತು. ಅದರ ಪಕ್ಕದಲ್ಲಿ, ಮೀಟರಿನ ತಂತಿ ಬದಲಾಯಿಸಿದ್ದು ನಾನು, ಮೇಸ್ತ್ರಿಗೆ ತಿಳಿಸದೆ ಇದ್ದದ್ದು ನಾನು ಎಂದು ಬರೆದು ಸಹಿ ಹಾಕಬೇಕೆ ಎಂದು ತಿಂಗಳುಗಟ್ಟಲೆ ಯೋಚಿಸಿದ್ದೆ. ಪೆನ್ನು ಕೈಯಲ್ಲಿತ್ತು.

"ಇದನ್ನ ತಿದ್ದಿಬಿಡ್ಲಾ ಮೇಸ್ತ್ರಿ?" ಎಂದು ಕೇಳಿದೆ.

ಅವರು ಪುಟವನ್ನು ಹತ್ತಿರಕ್ಕೆ ತೆಗೆದುಕೊಂಡು, ತಮ್ಮದೇ ಅಕ್ಷರವನ್ನು ಹೊಸ ಕಣ್ಣಿನಿಂದ ಓದಿದರು. ಕೆಂಪು ಶಾಯಿಯ ಮೇಲೆ ಬೆರಳಾಡಿಸಿದರು.

"ಕೇಳಿದ್ರಲ್ಲಮ್ಮಾ, ಅಷ್ಟು ಸಾಕು. ಮುಚ್ಚಿಡಿ" ಎಂದರು.

ಪೆನ್ನಿಗೆ ಕ್ಯಾಪು ಹಾಕಿ ಪುಸ್ತಕ ಮುಚ್ಚಿದೆ. ತಪ್ಪೆಂದು ತಿಳಿದೂ ಜೀವಮಾನದಲ್ಲಿ ನಾನು ತಿದ್ದದೆ ಬಿಟ್ಟದ್ದು ಅದೊಂದೇ.